ಸಾಕಿದ ಇಲಿಗಳ ಗೂಡಿಗೆ ಪೈನ್ ಸಿಪ್ಪೆ ಹಾಸಬೇಡಿ

ಹುಬ್ಬಳ್ಳಿ-ಧಾರವಾಡದ ಕಡೆ ಇಲಿ ಸಾಕುವವರೇ ಕಡಿಮೆ. ಇಲಿಗೆ ಏನು ಹಾಸಬೇಕೆಂದು ತಿಳಿದ ಅಂಗಡಿಯವರು ಇನ್ನೂ ಕಡಿಮೆ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಇಲಿಗೆಂದೇ ಕೇಳಿದಾಗ, ‘ಮೊಲಕ್ಕೂ ಇದೇ, ಇಲಿಗೂ ಇದೇ’ ಎಂದು ಪೈನ್ ಮರದ ಸಿಪ್ಪೆ, ಅಂದರೆ ಹಲಗೆ ಹೆರೆದಾಗ ಉದುರುವ ಸುರುಳಿ, ತುಂಬಿದ ಚೀಲ ಕೊಟ್ಟರು. ಬಿಚ್ಚಿದೊಡನೆ ಕೋಣೆಯೆಲ್ಲ ಹೊಸ ಹಲಗೆಯ ವಾಸನೆ. ನಮಗೆ ಹಿತವಾದ ಆ ವಾಸನೆಯೇ ಇಲಿಗೆ ಕೇಡು.

ನಮ್ಮವು ಎರಡು ಹೆಣ್ಣಿಲಿಗಳು: ಎಳ್ಳು ಮತ್ತು ಶೇಂಗಾ. ಮೊದಲು ಶೇಂಗಾ ಸೀನತೊಡಗಿದಳು. ಆಮೇಲೆ ಮೂಗಿನ ತುದಿಯಲ್ಲಿ, ಕಣ್ಣಂಚಿನಲ್ಲಿ ಕೆಂಪು ಕಲೆ ಕಾಣಿಸಿತು. ನೋಡಿದರೆ ರಕ್ತವೆಂದೇ ಅನಿಸುತ್ತದೆ, ಆದರೆ ಅದು ಪಾರ್ಫಿರಿನ್ ಎಂಬ ಬಣ್ಣದ ಸ್ರಾವ. ಇಲಿ ಬಳಲುತ್ತಿದೆ ಎಂಬುದರ ಸೂಚನೆ. ಬೆನ್ನು ಗೂನಾಗಿ, ಕೂದಲು ನೆಟ್ಟಗಾಗಿ ಮೂಲೆ ಹಿಡಿದಳು. ನಮ್ಮ ಕಿವಿಯ ಬಳಿ ಹಿಡಿದರೆ ಅವಳ ಎದೆಯಲ್ಲಿ ಗೊರಗೊರ ಸದ್ದು. ಧಾರವಾಡದ ಪಶುವೈದ್ಯರು ಎದೆ ಪರೀಕ್ಷಿಸಿ, ಔಷಧಿ ಬರೆಯುವ ಮೊದಲೇ ‘ಹಾಸಿಗೆಗೆ ಏನು ಹಾಕಿದ್ದೀರಿ?’ ಎಂದು ಕೇಳಿದರು. ಶೇಂಗಾ ಉಳಿಯಲಿಲ್ಲ. ಎಳ್ಳು ಉಳಿದಿದ್ದಾಳೆ, ಉಬ್ಬಸ ಮಾತ್ರ ಪೂರ್ತಿ ಹೋಗಿಲ್ಲ.

ಪೈನ್ ಮತ್ತು ಸೀಡರ್ ಮರಗಳ ಸಿಪ್ಪೆಯಿಂದ ಹೊರಡುವ ರಾಸಾಯನಿಕಗಳು ಮೂಗು, ಶ್ವಾಸನಾಳಗಳ ಒಳಪದರವನ್ನು ಕೆರಳಿಸುತ್ತವೆ. ಇಂಥ ಹಾಸಿನ ಮೇಲಿಟ್ಟ ಇಲಿಗಳ ಯಕೃತ್ತಿನ ಕಿಣ್ವಗಳು ಏರುತ್ತವೆ ಎಂಬುದನ್ನು 1967ರಲ್ಲೇ ವಿಜ್ಞಾನಿಗಳು ತೋರಿಸಿದ್ದಾರೆ. ಬಹಳಷ್ಟು ಸಾಕಿಲಿಗಳ ಶ್ವಾಸಕೋಶದಲ್ಲಿ ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಾಣು ಮೊದಲೇ ಇರುತ್ತದೆ. ಉಸಿರಿನ ದಾರಿ ಕೆರಳಿದರೆ ಅದು ತಲೆ ಎತ್ತುತ್ತದೆ. ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ಹಾಸು ಒಣಗುವುದೇ ಇಲ್ಲ. ಮೂತ್ರದಿಂದೇಳುವ ಅಮೋನಿಯಾ ಸೇರಿದರೆ ಕಷ್ಟ ಇಮ್ಮಡಿ.

ಸಾಮಿಲ್‌ನಿಂದ ಪುಕ್ಕಟೆ ಹೊಟ್ಟು ತರುತ್ತೇವೆ ಎನ್ನುವವರಿಗೂ ಹೇಳುತ್ತೇನೆ, ದಯವಿಟ್ಟು ಬೇಡ. ಅದರಲ್ಲಿ ಸಾಗವಾನಿ ಎಷ್ಟು, ಅಂಟು ಮೆತ್ತಿದ ಪ್ಲೈವುಡ್ ಎಷ್ಟು, ಯಾರಿಗೆ ಗೊತ್ತು? ಭತ್ತದ ಹೊಟ್ಟಿನಲ್ಲಿ ಧೂಳು. ಅರಳೆಯ ಎಳೆ ಕಾಲಿಗೆ ಸುತ್ತಿಕೊಳ್ಳುತ್ತದೆ. ನೀರು ಬಿದ್ದರೆ ಗಟ್ಟಿಯಾಗುವ ಬೆಕ್ಕಿನ ಮರಳನ್ನಂತೂ ಹತ್ತಿರ ತರಬೇಡಿ.

ಕಾಗದದಿಂದ ಮಾಡಿದ, ಧೂಳಿಲ್ಲದ ಹಾಸು ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದು ದುಬಾರಿ ಎನಿಸಿದರೆ ಅಚ್ಚಾಗದ ಬಿಳಿ ಕಾಗದವನ್ನು ಪಟ್ಟಿಪಟ್ಟಿಯಾಗಿ ಹರಿದು ಹಾಕಿ, ಮೇಲೆ ಫ್ಲೀಸ್ ಎಂಬ ಮೆತ್ತನೆಯ ಬಟ್ಟೆ ಹಾಸಿ. ಹಳೆಯ ಕೌದಿಯ ತುಂಡೂ ಆದೀತು, ಆದರೆ ಬಿಚ್ಚಿದ ದಾರಗಳನ್ನು ಕತ್ತರಿಸಲೇಬೇಕು; ಬೆರಳಿಗೆ ಸಿಕ್ಕಿ ಬಿಗಿದರೆ ರಕ್ತಸಂಚಾರ ನಿಂತುಹೋಗುತ್ತದೆ. ಬಟ್ಟೆ ಒಗೆಯಲು ಸುವಾಸನೆಯ ಪುಡಿ ಬೇಡ.

ಇಲಿ ಉಸಿರಾಡುವುದು ಮೂಗಿನಿಂದ. ಬಾಯಿ ತೆರೆದು ಉಸಿರೆಳೆಯತೊಡಗಿದರೆ ಮರುದಿನದವರೆಗೆ ಕಾಯಬೇಡಿ. ನಮ್ಮಲ್ಲಿ ಎಲ್ಲ ಪಶುವೈದ್ಯರೂ ಇಲಿಗಳನ್ನು ನೋಡುವುದಿಲ್ಲ, ಆದ್ದರಿಂದ ಯಾರು ನೋಡುತ್ತಾರೆಂದು ಇಂದೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.