ಹಳೇ ಫ್ಲ್ಯಾಶ್ ಕೊಂಡಿದ್ದೀರಾ? ಕ್ಯಾಮೆರಾಕ್ಕೆ ಹಚ್ಚುವ ಮೊದಲು ವೋಲ್ಟ್ ಅಳೆಯುವ ಮೀಟರ್ ಹಚ್ಚಿ

ಕಲಬುರಗಿ, ಬೀದರ್, ಯಾದಗಿರಿ ಕಡೆ ಮದುವೆ ಫೋಟೊ ತೆಗೆದು ಹೊಟ್ಟೆ ಹೊರೆಯುವ ಹುಡುಗರು ಇದನ್ನು ಪೂರ್ತಿ ಓದಬೇಕು. ರೀಲ್ ಕಾಲದ ಒಂದು ಫ್ಲ್ಯಾಶ್‌ಗನ್ ತನ್ನ ಹೆಚ್ಚಿನ ವೋಲ್ಟೇಜಿನಿಂದ ನನ್ನ ಡಿಜಿಟಲ್ ಕ್ಯಾಮೆರಾದ ಹಾಟ್‌ಶೂ, ಅಂದರೆ ಮೇಲೆ ಫ್ಲ್ಯಾಶ್ ಕೂರಿಸುವ ಜಾಗ, ಹಾಳು ಮಾಡಿದೆ. ಹೊಗೆ ಬರಲಿಲ್ಲ, ಸುಟ್ಟ ವಾಸನೆ ಬರಲಿಲ್ಲ, ಸ್ಕ್ರೀನಿನ ಮೇಲೆ ಎರರ್ ಕೂಡ ಬರಲಿಲ್ಲ.

ನಮ್ಮ ಊರಲ್ಲಿ ಹಳೇ ಸ್ಟುಡಿಯೊಗಳು ಒಂದೊಂದೇ ಬಾಗಿಲು ಹಾಕುತ್ತಿವೆ. ಅಲ್ಲಿನ ಲೆನ್ಸು, ಫ್ಲ್ಯಾಶು, ಬ್ರ್ಯಾಕೆಟ್ಟುಗಳೆಲ್ಲ ಕೈಯಿಂದ ಕೈಗೆ ಮಾರಾಟವಾಗುತ್ತಿವೆ. ಪ್ರೀ-ವೆಡ್ಡಿಂಗ್ ಅಂತ ಬೀದರ್ ಕೋಟೆಗೂ ಅಷ್ಟೂರಿನ ಗುಮ್ಮಟಗಳಿಗೂ ಜೋಡಿಗಳನ್ನು ಕರೆದೊಯ್ಯುವವರಿಗೆ ಹಳೇ ಕಾಲದ ಬೆಳಕು ಬೇಕು, ಬೆಲೆಯೂ ಕಡಿಮೆ. ನಾನೂ ಅದಕ್ಕೇ ಹೋಗಿದ್ದೆ. ಮಾರುವವರನ್ನು ಮೊದಲೇ ಕೇಳಿದೆ, ಇದು ಡಿಜಿಟಲ್‌ಗೆ ನಡೆಯುತ್ತದಾ ಅಂತ. "ಶೂ ಎಲ್ಲಾ ಒಂದೇ ಸೈಜ್ ಇರ್ತಾವ್ರಿ, ಯಾವ ಕ್ಯಾಮೆರಾಕ್ಕಾದ್ರೂ ಕೂಡ್ತದ. ಕೊಡ್ರಿ ಇಲ್ಲಿ, ತೋರಸ್ತೀನಿ" ಅಂದವರೇ ಕ್ಯಾಮೆರಾ ಇಸಿದುಕೊಂಡು ತಾವೇ ಫ್ಲ್ಯಾಶ್ ತೂರಿಸಿ ಕ್ಲಿಕ್ ಮಾಡಿದರು. ಹೊಡೆಯಿತು. ಇನ್ನೊಮ್ಮೆ ಹೊಡೆಯಿತು. ಆಮೇಲೆ ನಿಂತಿತು. "ಸೆಲ್ ಇಳದಾವ್ರಿ" ಅಂದರು.

ಮನೆಗೆ ಬಂದು ನನ್ನ ಹೊಸ ಫ್ಲ್ಯಾಶ್ ಹಾಕಿದೆ. ಅದೂ ಹೊಡೆಯಲಿಲ್ಲ. ಟೆಸ್ಟ್ ಬಟನ್ ಒತ್ತಿದರೆ ಹೊಡೆಯುತ್ತದೆ, ಶಟರ್ ಒತ್ತಿದರೆ ಸುಮ್ಮನಿರುತ್ತದೆ. ಗೆಳೆಯನ ಕ್ಯಾಮೆರಾದ ಮೇಲೆ ಅದೇ ಫ್ಲ್ಯಾಶ್ ಚೆನ್ನಾಗಿದೆ. ಅಂದರೆ ಹೋಗಿದ್ದು ನನ್ನ ಕ್ಯಾಮೆರಾದ ಬಾಡಿ. ಹೈದರಾಬಾದಿಗೆ ಒಯ್ದು ತೋರಿಸಿದಾಗ ಒಳಗಿನ ಬೋರ್ಡೇ ಬದಲಿಸಬೇಕು ಅಂದರು. ಅವರು ಹೇಳಿದ ಖರ್ಚಿಗೆ ಇನ್ನೊಂದಿಷ್ಟು ಕೂಡಿಸಿದರೆ ಸೆಕೆಂಡ್ ಹ್ಯಾಂಡ್ ಬಾಡಿಯೇ ಬರುತ್ತದೆ.

ಆ ಫ್ಲ್ಯಾಶನ್ನು ಟಿವಿ ರಿಪೇರಿ ಮಾಡುವ ಗೆಳೆಯನೊಬ್ಬನ ಹತ್ತಿರ ಒಯ್ದೆ. ಹೊಸ ಸೆಲ್ ಹಾಕಿ, ಕೆಂಪು ದೀಪ ಹತ್ತುವ ತನಕ ಕಾದು, ಪಾದದ, ಅಂದರೆ ಹಾಟ್‌ಶೂನಲ್ಲಿ ತೂರುವ ತಳದ, ನಡುವಿನ ಗುಂಡಿಗೆ ಮೀಟರಿನ ಒಂದು ವಯರ್, ಪಕ್ಕದ ಲೋಹದ ಅಂಚಿಗೆ ಇನ್ನೊಂದು ಹಿಡಿದ. ಮೀಟರಿನ ಅಂಕಿ ಒಮ್ಮೆಗೇ ನಿಲ್ಲಲಿಲ್ಲ. ಐವತ್ತು, ತೊಂಬತ್ತು, ನೂರಾ ಐವತ್ತು ಅಂತ ಏರುತ್ತಲೇ ಹೋಯಿತು, ಇನ್ನೂರು ವೋಲ್ಟ್ ದಾಟಿದ ಮೇಲೆ ನಿಧಾನವಾಯಿತು. ಇಬ್ಬರೂ ಮಾತಾಡದೆ ನೋಡುತ್ತಾ ನಿಂತೆವು.

ಕ್ಯಾಮೆರಾ ಫ್ಲ್ಯಾಶಿಗೆ ಹೊಡೆ ಅಂತ ಹೇಳುವುದು ನಡುವಿನ ಗುಂಡಿಯನ್ನೂ ಪಕ್ಕದ ಅಂಚನ್ನೂ ಒಂದು ಕ್ಷಣ ಕೂಡಿಸಿ. ರೀಲ್ ಕ್ಯಾಮೆರಾಗಳಲ್ಲಿ ಈ ಕೆಲಸ ಮಾಡುತ್ತಿದ್ದದ್ದು ಶಟರಿನ ಜೊತೆ ಮುಟ್ಟುವ ಎರಡು ಲೋಹದ ಪಟ್ಟಿ, ಮನೆಯ ಲೈಟಿನ ಸ್ವಿಚ್ಚಿನ ಹಾಗೆ. ಅದಕ್ಕೆ ಇನ್ನೂರು, ಮುನ್ನೂರು ವೋಲ್ಟ್ ಲೆಕ್ಕಕ್ಕಿಲ್ಲ. ಅಂದಿನ ಫ್ಲ್ಯಾಶ್ ಮಾಡುವವರು ಒಳಗಿನ ದೊಡ್ಡ ಕೆಪಾಸಿಟರಿನ ಸುಮಾರು 300 ವೋಲ್ಟನ್ನು ಟ್ರಿಗರ್ ಸರ್ಕ್ಯೂಟಿನ ಮೂಲಕ ನೇರ ಪಾದಕ್ಕೇ ತಂದು ಬಿಡುತ್ತಿದ್ದರು. ಇಂದಿನ ಕ್ಯಾಮೆರಾದಲ್ಲಿ ಆ ಜಾಗದಲ್ಲಿರುವುದು ಸಣ್ಣದೊಂದು ಎಲೆಕ್ಟ್ರಾನಿಕ್ ಸ್ವಿಚ್. ಅದು ಒಂದೇ ಸಲಕ್ಕೆ ಸಾಯಬಹುದು, ಹತ್ತು ಸಲ ತಡೆದು ಹನ್ನೊಂದನೆಯದಕ್ಕೆ ಸಾಯಬಹುದು. ಅಂಗಡಿಯಲ್ಲಿ ಎರಡು ಸಲ ಹೊಡೆದು ತೋರಿಸಿದ್ದು ಪರೀಕ್ಷೆಯೇ ಅಲ್ಲ.

ಮಾಡೆಲ್ ಹೆಸರು ನೋಡಿ ಧೈರ್ಯ ಮಾಡಬೇಡಿ. ವಿವಿಟಾರ್ 283 ಅನ್ನುವ ಹಳೇ ಫ್ಲ್ಯಾಶ್ ಇದಕ್ಕೆ ಹೆಸರಾದ ಉದಾಹರಣೆ. ಮೊದಮೊದಲು ಬಂದವುಗಳಲ್ಲಿ ಇನ್ನೂರಕ್ಕೂ ಹೆಚ್ಚು ವೋಲ್ಟ್, ಮುಂದೆ ಬಂದವುಗಳಲ್ಲಿ ಹತ್ತರ ಒಳಗೆ. ಹೆಸರು ಅದೇ, ನೋಡಲಿಕ್ಕೂ ಅದೇ. ಬಾಡಿಯ ಕಡೆಯಿಂದಲೂ ಲೆಕ್ಕ ಬೇರೆಬೇರೆ. ನಿಕಾನ್ ತನ್ನ ಡಿಜಿಟಲ್ ಕ್ಯಾಮೆರಾಗಳ ಕೈಪಿಡಿಯಲ್ಲಿ 250 ವೋಲ್ಟ್ ದಾಟಬಾರದು, ಪ್ಲಸ್-ಮೈನಸ್ ಉಲ್ಟಾ ಇರುವ ಫ್ಲ್ಯಾಶ್ ಹಾಕಬಾರದು ಅನ್ನುತ್ತದೆ. ಕ್ಯಾನನ್‌ನ ಮೊದಲ ಕಾಲದ ಕೆಲವು ಡಿಜಿಟಲ್ ಬಾಡಿಗಳಿಗೆ ಹೇಳುತ್ತಿದ್ದ ಮಿತಿ ಬರೀ 6 ವೋಲ್ಟ್. ಹಾಗಾಗಿ "ನಮ್ಮ ಅಣ್ಣನ ಕ್ಯಾಮೆರಾದ ಮೇಲೆ ನಡೀತದ" ಅನ್ನುವ ಮಾತು ನಿಮ್ಮ ಕ್ಯಾಮೆರಾಕ್ಕೆ ಅನ್ವಯಿಸುವುದಿಲ್ಲ. ನಿಮ್ಮ ಬಾಡಿಯ ಕೈಪಿಡಿಯಲ್ಲಿ ಏನಿದೆ ಅದೇ ಕೊನೆ.

ಅಳೆಯುವಾಗ ಡಿಜಿಟಲ್ ಮೀಟರೇ ಬೇಕು, ಡಿಸಿ ವೋಲ್ಟಿನ ದೊಡ್ಡ ರೇಂಜಿನಲ್ಲಿ. ಮುಳ್ಳಿನ ಹಳೇ ಮೀಟರು ತಾನೇ ಕರೆಂಟ್ ಎಳೆದುಕೊಂಡು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಡಿಜಿಟಲ್‌ನಲ್ಲೂ ಸ್ವಲ್ಪ ಕಡಿಮೆ ಬರಬಹುದು, ಆದ್ದರಿಂದ ಮಿತಿಯ ಹತ್ತಿರ ಬಂದರೆ ಅದನ್ನು ಬಿಟ್ಟೇಬಿಡಿ. ಮುಟ್ಟಿಸುವಾಗ ಫ್ಲ್ಯಾಶ್ ಹೊಡೆದೀತು, ಮುಖ ಆಚೆ ಇರಲಿ. ಇನ್ನೊಂದು ಮಾತು, ಇದು ಜೀವದ ವಿಷಯ: ಏನೇ ಆಗಲಿ ಫ್ಲ್ಯಾಶಿನ ಸ್ಕ್ರೂ ಬಿಚ್ಚಬೇಡಿ. ಸೆಲ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರುತ್ತದೆ, ಆ ಹೊಡೆತ ಪ್ರಾಣ ತೆಗೆಯುವಷ್ಟಿದೆ.

ಇಷ್ಟಾದರೂ ಆ ಫ್ಲ್ಯಾಶಿನ ಬೆಳಕು ಬೇಕೇ ಬೇಕು ಅನ್ನುವವರು ಅದನ್ನು ಬಾಡಿಯ ಮೇಲೆ ಕೂರಿಸದೆ ದೂರ ಸ್ಟ್ಯಾಂಡಿಗೆ ಹಾಕಿ, ಬೆಳಕು ಕಂಡಾಗ ತಾನೇ ಹೊಡೆಯುವ ಸ್ಲೇವ್ ಹಚ್ಚಿ. ಕ್ಯಾಮೆರಾದ ಮೇಲಿನ ಸಣ್ಣ ಫ್ಲ್ಯಾಶ್ ಹೊಡೆದರೆ ಅದೂ ಹೊಡೆಯುತ್ತದೆ, ನಡುವೆ ವಯರ್ ಇಲ್ಲ. ಮೇಲಿನದನ್ನು ಟಿಟಿಎಲ್‌ನಲ್ಲಿ, ಅಂದರೆ ಕ್ಯಾಮೆರಾ ತಾನೇ ಬೆಳಕು ಅಳೆಯುವ ಮೋಡಿನಲ್ಲಿ, ಬಿಡದೆ ಮ್ಯಾನ್ಯುಯಲ್‌ಗೆ ಹಾಕಬೇಕು, ಇಲ್ಲದಿದ್ದರೆ ಮುಂಚಿತವಾಗಿ ಮಿನುಗುವ ಬೆಳಕಿಗೇ ಸ್ಲೇವ್ ಹೊಡೆದು, ಫೋಟೊದ ಹೊತ್ತಿಗೆ ಖಾಲಿಯಾಗಿರುತ್ತದೆ. ವೋಲ್ಟೇಜ್ ಇಳಿಸುವ ಸೇಫ್ ಸಿಂಕ್ ಅಡಾಪ್ಟರುಗಳೂ ಇವೆ, ಅದನ್ನು ಹಾಕಿಕೊಂಡ ಮೇಲೂ ಅದರ ಪಾದಕ್ಕೆ ಮೀಟರ್ ಹಿಡಿದು ನೋಡಿಯೇ ಮುಂದುವರಿಯಿರಿ.

ನಾನು ಫ್ಲ್ಯಾಶ್ ಕೊಂಡ ಅಂಗಡಿಯಲ್ಲೇ ಸ್ಕ್ರೂ ಮೌಂಟಿನ, ಅಂದರೆ ತಿರುಪಿ ಕೂರಿಸುವ ಎಂ42 ಅನ್ನುವ ಹಳೇ ಲೆನ್ಸನ್ನೂ "ಎಲ್ಲಾದಕ್ಕೂ ಕೂಡ್ತದ" ಅಂತಲೇ ಮಾರುತ್ತಿದ್ದರು. ಅಡಾಪ್ಟರ್ ಹಾಕಿದರೆ ಕೂರುವುದೇನೋ ಕೂರುತ್ತದೆ. ಆದರೆ ಎಂ42 ಲೆನ್ಸಿಗೆ ಸೆನ್ಸರಿನಿಂದ 45.46 ಮಿ.ಮೀ. ದೂರ ಬೇಕು, ನಿಕಾನ್ ಡಿಎಸ್‌ಎಲ್‌ಆರ್‌ನಲ್ಲಿ ಇರುವುದು 46.5. ಆ ಒಂದು ಮಿಲಿಮೀಟರಿಗೆ 58 ಮಿ.ಮೀ. ಲೆನ್ಸಿನ ಫೋಕಸ್ ಸುಮಾರು ಮೂರು ಮೀಟರಿಗೇ ನಿಲ್ಲುತ್ತದೆ. ಕೋಟೆಯ ಮುಂದೆ ನಿಲ್ಲಿಸಿದ ಜೋಡಿಯ ಮುಖ ಸಿಗುತ್ತದೆ, ಹಿಂದಿನ ಬುರುಜು ಯಾವತ್ತಿಗೂ ಸಿಗುವುದಿಲ್ಲ. ಗಾಜಿರುವ ಅಡಾಪ್ಟರ್ ಹಾಕಿದರೆ ದೂರದ್ದು ಸಿಕ್ಕೀತು, ಆದರೆ ಫೋಟೊದ ಸ್ಪಷ್ಟತೆ ಕಡಿಮೆಯಾಗುತ್ತದೆ. ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಬಾಡಿಗೆ ಈ ತಾಪತ್ರಯವಿಲ್ಲ, ಖಾಲಿ ಕೊಳವೆಯಂಥ ಅಡಾಪ್ಟರ್ ಸಾಕು. ಏನೇ ಆದರೂ ತಪ್ಪು ಲೆನ್ಸಿನಿಂದ ಕೆಡುವುದು ಬಹುತೇಕ ಫೋಟೊ ಮಾತ್ರ. ಫ್ಲ್ಯಾಶ್ ಬಾಡಿಯನ್ನೇ ಕೆಡಿಸುತ್ತದೆ.

ನನಗೆ ಮಾರಿದವರಿಗೆ ಮೀಟರಿನ ಫೋಟೊ ಕಳಿಸಿದೆ, ಉತ್ತರ ಬರಲಿಲ್ಲ. ಅವರ ಹತ್ತಿರ ಅಂಥವು ಇನ್ನೂ ಇವೆ, ನಾನೇ ಶೋಕೇಸಿನಲ್ಲಿ ನೋಡಿ ಬಂದಿದ್ದೇನೆ. ಹಾಗಾಗಿ ಕೊಳ್ಳಲು ಹೋಗುವವರು ಜೇಬಿನಲ್ಲಿ ನಾಲ್ಕು ಹೊಸ ಸೆಲ್, ಒಂದು ಡಿಜಿಟಲ್ ಮೀಟರ್ ಇಟ್ಟುಕೊಂಡು ಹೋಗಿ, ಕ್ಯಾಮೆರಾ ಮನೆಯಲ್ಲೇ ಬಿಡಿ. ಅಳೆಯಲಿಕ್ಕೆ ಕೊಡದಿದ್ದರೆ ದುಡ್ಡು ಕೊಡಬೇಡಿ. ಈಗಾಗಲೇ ಕೊಂಡಿದ್ದರೆ ಅಳೆದು ಬಂದ ಅಂಕಿಯನ್ನು ಟೇಪಿನ ಮೇಲೆ ಬರೆದು ಫ್ಲ್ಯಾಶಿನ ಪಾದದ ಹತ್ತಿರ ಅಂಟಿಸಿ. ನಾಳೆ ನಿಮ್ಮ ಅಸಿಸ್ಟೆಂಟ್ ಹುಡುಗ ಮಂಟಪದ ಗಡಿಬಿಡಿಯಲ್ಲಿ ಬ್ಯಾಗಿನಿಂದ ಅದನ್ನೇ ಎತ್ತಿಕೊಂಡಾನು.