ಮೈಎಸ್‌ಕ್ಯೂಎಲ್‌ನ ‘ಶೋ ರೆಪ್ಲಿಕಾಸ್’: ಪಟ್ಟಿ ಸಿಗುತ್ತದೆ, ಪೂರ್ತಿ ಸುದ್ದಿ ಸಿಗುವುದಿಲ್ಲ

ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಪ್ರೈಮರಿ (ಮುಖ್ಯ) ಸರ್ವರ್ ಬಂದ್ ಮಾಡಿ ಪ್ಯಾಚ್ ಹಾಕಬೇಕು ಅಂದಾಗ ಮೊದಲು ಗೊತ್ತಾಗಬೇಕಾದ್ದು, ಇದಕ್ಕೆ ಯಾವ್ಯಾವ ರೆಪ್ಲಿಕಾ, ಅಂದರೆ ಅದರ ಡೇಟಾವನ್ನು ನಕಲು ಮಾಡಿಕೊಳ್ಳುವ ಸರ್ವರ್, ಅಂಟಿಕೊಂಡಿದೆ ಅನ್ನುವುದು. ಅದಕ್ಕೆ ಮೈಎಸ್‌ಕ್ಯೂಎಲ್‌ನಲ್ಲೇ ಇರುವ ಕಮಾಂಡ್ ಶೋ ರೆಪ್ಲಿಕಾಸ್. ಬೇರೆ ಟೂಲ್ ಬೇಡ, ಪ್ರೈಮರಿಯಲ್ಲಿ ಇಷ್ಟು ಹೊಡೆದರೆ ರೆಪ್ಲಿಕಾಕ್ಕೊಂದು ಸಾಲಿನಂತೆ ಸರ್ವರ್ ಐಡಿ, ಹೋಸ್ಟ್, ಪೋರ್ಟ್, ಸೋರ್ಸ್ ಐಡಿ (ಸೋರ್ಸ್ ಅಂದರೆ ಪ್ರೈಮರಿಯೇ), ಯುಯುಐಡಿ (ಪ್ರತಿ ಸರ್ವರ್‌ಗೂ ಬೇರೆಯಾಗಿರುವ ಉದ್ದನೆಯ ಗುರುತು) ಬರುತ್ತದೆ. ಹಳಬರಿಗೆ ಇದು ಶೋ ಸ್ಲೇವ್ ಹೋಸ್ಟ್ಸ್. ಹೊಸ ಹೆಸರು ಬಂದಿದ್ದು 8.0.22ರಲ್ಲಿ. 8.4ರಲ್ಲಿ ಹಳೆಯದನ್ನು ತೆಗೆದೇ ಹಾಕಿದ್ದಾರೆ, ಹಾಗಾಗಿ ಅಪ್‌ಗ್ರೇಡ್ ಮಾಡುವ ಮೊದಲು ನಿಮ್ಮ ಸ್ಕ್ರಿಪ್ಟ್‌ಗಳನ್ನು ಒಮ್ಮೆ ನೋಡಿಕೊಳ್ಳಿ.

ಮೊದಲ ಸಲ ಓಡಿಸಿದವರಿಗೆ ಸಾಮಾನ್ಯವಾಗಿ ಹೋಸ್ಟ್ ಕಾಲಂ ಖಾಲಿ ಕಾಣುತ್ತದೆ. ಸಂಪರ್ಕ ಎಲ್ಲಿಂದ ಬಂತು ಅಂತ ನೋಡಿ ಪ್ರೈಮರಿ ತಾನೇ ಅದನ್ನು ತುಂಬಿಕೊಳ್ಳುವುದಿಲ್ಲ, ರೆಪ್ಲಿಕಾ ತನ್ನ ಹೆಸರು ಹೇಳಿದರೆ ಮಾತ್ರ ತೋರಿಸುತ್ತದೆ. ಹೇಳಬೇಕಾದರೆ ರೆಪ್ಲಿಕಾದ ಕಾನ್ಫಿಗ್‌ನಲ್ಲಿ ರಿಪೋರ್ಟ್ ಹೋಸ್ಟ್ ಬರೆದಿರಬೇಕು. ಓಡುತ್ತಿರುವಾಗ ಅದನ್ನು ಬದಲಿಸಲು ಬರುವುದಿಲ್ಲ, ರೀಸ್ಟಾರ್ಟ್ ಬೇಕೇ ಬೇಕು. ರೆಪ್ಲಿಕಾ ಕಟ್ಟುವ ದಿನವೇ ಇದನ್ನು ಹಾಕಿಬಿಡಿ. ಇನ್ನೊಂದು ವಿಷಯ, ಅಲ್ಲಿ ಬರೆದಿದ್ದು ನಿಜವೋ ಸುಳ್ಳೋ ಅಂತ ಯಾರೂ ಪರೀಕ್ಷಿಸುವುದಿಲ್ಲ. ಒಂದು ವಿಎಂ (ವರ್ಚುವಲ್ ಮಷೀನ್) ಕ್ಲೋನ್ ಮಾಡಿ, ಸರ್ವರ್ ಐಡಿ, ಯುಯುಐಡಿ ಎರಡನ್ನೂ ಬದಲಿಸಿ, ಈ ಸಾಲನ್ನು ಮರೆತರೆ ಎರಡು ರೆಪ್ಲಿಕಾಗಳೂ ಒಂದೇ ಹೆಸರಲ್ಲಿ ನಿಂತಿರುತ್ತವೆ.

ಅದಕ್ಕೇ ನಾನು ಇದನ್ನೊಂದೇ ನಂಬುವುದಿಲ್ಲ, ಜೊತೆಗೆ ಸರ್ವರ್‌ಗೆ ಬಂದಿರುವ ಸಂಪರ್ಕಗಳನ್ನೆಲ್ಲ ತೋರಿಸುವ ಶೋ ಪ್ರೊಸೆಸ್‌ಲಿಸ್ಟ್ ನೋಡುತ್ತೇನೆ. ಅಲ್ಲಿ ಬಿನ್‌ಲಾಗ್ ಡಂಪ್ ಅಥವಾ ಬಿನ್‌ಲಾಗ್ ಡಂಪ್ ಜಿಟಿಐಡಿ ಅಂತಿರುವ ಸಾಲುಗಳ ಎದುರು ಸಂಪರ್ಕ ಬಂದ ವಿಳಾಸವೇ ಇರುತ್ತದೆ. ಡೆಬೀಜಿಯಂ ತರದ, ಬಿನ್‌ಲಾಗ್ (ಡೇಟಾದ ಬದಲಾವಣೆಗಳನ್ನು ಬರೆದಿಡುವ ಲಾಗ್) ಓದುವ ಟೂಲ್‌ಗಳೂ ಅಲ್ಲಿ ಸಿಕ್ಕಿಬೀಳುತ್ತವೆ, ಸರ್ವರ್ ಬದಲಿಸುವ ಮುಂಚೆ ಅವೂ ಗೊತ್ತಿರಬೇಕು ಅಲ್ವಾ?

ನನಗೆ ಜಾಸ್ತಿ ಬೇಸರ ಇರುವುದು ಬೇರೆ ಕಡೆ. ರೆಪ್ಲಿಕಾ ಪ್ರೈಮರಿಗೆ ಹೆಸರು ಕೊಡುವುದು ಬಿನ್‌ಲಾಗ್ ತರುವ ಥ್ರೆಡ್ (ಸರ್ವರ್ ಒಳಗೆ ಪ್ರತ್ಯೇಕವಾಗಿ ಓಡುವ ಕೆಲಸ) ಮೂಲಕ. ತಂದದ್ದನ್ನು ಟೇಬಲ್‌ಗೆ ಹಾಕುವ ಥ್ರೆಡ್ ಬೇರೆ. ಡೂಪ್ಲಿಕೇಟ್ ಕೀ ಎರರ್ ಬಂದು ಆ ಎರಡನೆಯದು ರಾತ್ರಿಯೇ ನಿಂತುಹೋಗಿದ್ದರೂ ಮೊದಲನೆಯದು ಓಡುತ್ತಲೇ ಇರುತ್ತದೆ, ಪಟ್ಟಿಯಲ್ಲಿ ರೆಪ್ಲಿಕಾ ಹಾಯಾಗಿ ಕಾಣುತ್ತಿರುತ್ತದೆ, ಆದರೆ ಅದರೊಳಗಿನ ಡೇಟಾ ನಿನ್ನೆಯದು. ಇದು ಗೊತ್ತಾಗಬೇಕಾದರೆ ಒಂದೊಂದೇ ರೆಪ್ಲಿಕಾಕ್ಕೆ ಹೋಗಿ ಶೋ ರೆಪ್ಲಿಕಾ ಸ್ಟೇಟಸ್ ಹೊಡೆದು, ಎರಡೂ ಥ್ರೆಡ್ ಓಡುತ್ತಿವೆಯಾ, ಸೆಕೆಂಡ್ಸ್ ಬಿಹೈಂಡ್ ಸೋರ್ಸ್ ಎಷ್ಟಿದೆ ಅಂತ ನೋಡಬೇಕು. ರೆಪ್ಲಿಕಾದ ಕೆಳಗೆ ಇನ್ನೊಂದು ರೆಪ್ಲಿಕಾ ಇದ್ದರೆ ಅದಂತೂ ಪ್ರೈಮರಿಯ ಪಟ್ಟಿಗೆ ಬರುವುದೇ ಇಲ್ಲ, ನಡುವಿನ ಸರ್ವರ್‌ನಲ್ಲಿ ಕೇಳಬೇಕು.

ಇನ್ನೊಂದು ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್ ಇದರಲ್ಲಿ ಎಷ್ಟೋ ಮುಂದಿದೆ. ಅದರ ಪಿಜಿ ಸ್ಟ್ಯಾಟ್ ರೆಪ್ಲಿಕೇಶನ್ ವ್ಯೂನಲ್ಲಿ ಐಪಿ ವಿಳಾಸ ತಾನಾಗಿಯೇ ಇರುತ್ತದೆ, ಸ್ಟೇಟ್ ಕಾಲಂ ಇದೆ, 10ನೇ ಆವೃತ್ತಿಯಿಂದ ರೈಟ್, ಫ್ಲಶ್, ರಿಪ್ಲೇ ಅಂತ ಮೂರು ಬಗೆಯ ಲ್ಯಾಗ್ (ರೆಪ್ಲಿಕಾ ಎಷ್ಟು ಹಿಂದಿದೆ ಅನ್ನುವುದು) ಕೂಡ ಪ್ರೈಮರಿಯಲ್ಲೇ ಕಾಣುತ್ತದೆ. ಅಲ್ಲೂ ನೇರವಾಗಿ ಸೇರಿಕೊಂಡವು ಮಾತ್ರ ಬರುತ್ತವೆ, ಅದು ನಿಜ.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಎರಡು ಮೂರು ರೆಪ್ಲಿಕಾ ಇರುವವರಿಗೆ, ರಿಪೋರ್ಟ್ ಹೋಸ್ಟ್ ಸರಿಯಾಗಿ ಹಾಕಿದ್ದರೆ, ಇದು ಆರಾಮಾಗಿ ಸಾಕು. ಜಾಸ್ತಿ ಇರುವವರು ಇದನ್ನು ಹೆಸರು ತಿಳಿಯಲು ಮಾತ್ರ ಬಳಸಿ, ಲ್ಯಾಗ್ ನೋಡಲು ಬೇರೆ ಮಾನಿಟರಿಂಗ್ ಇಟ್ಟುಕೊಳ್ಳಿ.