ಎರಡು ಸಿಮ್, ಒಂದು ಹಳೇ ಎಂ31: ಮಲೆನಾಡಿನ ಮೂಲೆಯಿಂದ ಒಂದು ವಿಮರ್ಶೆ

ಮನೆಯಲ್ಲಿ ಸಿಗ್ನಲ್ ಸಿಗಲ್ಲ ಅಂತ 5ಜಿ ಫೋನ್ ತಗೊಳ್ಳೋಕೆ ಹೊರಟವರು ಇದನ್ನ ಓದಿ, ಆಮೇಲೆ ಅಂಗಡಿಗೆ ಹೋಗಿ. ನಮ್ಮದು ಸಾಗರ ತಾಲೂಕಿನ ಒಳಭಾಗ. ಮನೆ ತಗ್ಗಿನಲ್ಲಿದೆ, ಸುತ್ತ ಅಡಿಕೆ ತೋಟ, ಗೋಡೆ ದಪ್ಪ ಕೆಂಪುಕಲ್ಲಿಂದು. 2020ರಲ್ಲಿ ತಗೊಂಡ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಂ31 ಇನ್ನೂ ನನ್ನ ಜೇಬಲ್ಲೇ ಇದೆ. ಈ ಮಧ್ಯೆ ಸಿಮ್ ಕಂಪನಿ ಬದಲಾಯ್ತು, ಫೋನ್ ಬದಲಾಗಲಿಲ್ಲ.

ಯಾವ ಕಂಪನಿ ಬಿಟ್ಟೆ, ಯಾವುದಕ್ಕೆ ಹೋದೆ ಅಂತ ಬರೆಯಲ್ಲ. ನಮ್ಮಲ್ಲಿ ಕೈಕೊಟ್ಟದ್ದು ನಿಮ್ಮೂರಲ್ಲಿ ರಾಜನ ಹಾಗಿರಬಹುದು. ಮಲೆನಾಡಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಂತ ಬೋರ್ಡ್ ಹಾಕಿದ್ದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಜನ ಕೇಳೋದು ‘ಟವರ್ ಯಾವ ಗುಡ್ಡದಲ್ಲಿದೆ’ ಅಂತ.

ಸಿಮ್ ಆಯ್ಕೆ ಮಾಡೋಕೆ ಫೋನಿನ ಮೇಲೆ ಕಾಣೋ ಸಿಗ್ನಲ್ ಕಡ್ಡಿಗಳನ್ನ ನಂಬಬೇಡಿ. ಸೆಟ್ಟಿಂಗ್ಸ್‌ನಲ್ಲಿ ‘ಫೋನ್ ಬಗ್ಗೆ’ ಒಳಗೆ ಹೋಗಿ ಸಿಮ್ ಸ್ಟೇಟಸ್ ತೆಗೆದರೆ ಸಿಗ್ನಲ್ ಎಷ್ಟು ಡಿಬಿಎಂ (ಸಿಗ್ನಲ್ ಬಲದ ಅಳತೆ) ಅಂತ ಕಾಣುತ್ತೆ. ಅದು ಮೈನಸ್ ಲೆಕ್ಕ, ಹಾಗಾಗಿ 85 ಅಂದ್ರೆ ಚೆನ್ನಾಗಿದೆ, 115 ದಾಟಿದ್ರೆ ದೇವರೇ ಗತಿ. 85 ಇದ್ದದ್ದು 95 ಆದ್ರೆ ಸಿಗ್ನಲ್ ಹತ್ತರಲ್ಲಿ ಒಂದು ಪಾಲು ಆಯ್ತು ಅಂತ ಅರ್ಥ. ನಮ್ಮ ಹಳೇ ಸಿಮ್ ತುಳಸಿ ಕಟ್ಟೆ ಹತ್ತಿರ ಮೈನಸ್ 98, ಜಗುಲಿಯಲ್ಲಿ 108, ಅಡುಗೆಮನೆಯಲ್ಲಿ 118. ಎರಡೇ ಗೋಡೆ ದಾಟೋದ್ರೊಳಗೆ ಎಲ್ಲ ಸೋರಿ ಹೋಗಿತ್ತು. ಬೇರೆ ಕಂಪನಿಯದು ಹೇಗಿದೆ ಅಂತ ನೋಡೋಕೆ ಸಿಮ್ ಕೊಳ್ಳೋದೇನೂ ಬೇಡ, ನೆಂಟರು ಬಂದಾಗ ಅವರ ಫೋನಲ್ಲಿ ಇದೇ ಜಾಗಗಳಲ್ಲಿ ನೋಡಿದ್ರಾಯ್ತು. ಬಂದವರಿಗೆ ಕೈಕಾಲು ತೊಳೆಯೋಕೆ ನೀರು ಕೊಡೋ ಮೊದಲೇ ಫೋನ್ ಇಸ್ಕೊಳ್ತಾರೆ ಅಂತ ಮನೆಯಲ್ಲಿ ಬೈಸಿಕೊಂಡಿದ್ದೂ ಇದೆ.

ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ನಿಯಮದಂತೆ ಈಗ ಕಂಪನಿಗಳೆಲ್ಲ ತಮ್ಮ ಜಾಲತಾಣದಲ್ಲಿ ಕವರೇಜ್ ನಕ್ಷೆ ಹಾಕಬೇಕು. ಒಮ್ಮೆ ನೋಡಿ, ತಪ್ಪಿಲ್ಲ. ಆದರೆ ನಿಮ್ಮ ಅಡುಗೆಮನೆ ಆ ನಕ್ಷೆಯಲ್ಲಿ ಇರಲ್ಲ.

ನಕ್ಷೆಯಲ್ಲಿ ಕಾಣದೇ ಇರೋದು ಇನ್ನೊಂದಿದೆ: ಮಳೆಗಾಲ. ಆಷಾಢದಲ್ಲಿ ಮರ ಬಿದ್ದು ಕರೆಂಟ್ ಹೋದ ಮೇಲೆ ಯಾವ ಟವರ್ ಎಷ್ಟು ಹೊತ್ತು ಜೀವ ಹಿಡಿದಿರುತ್ತೆ ಅನ್ನೋದೇ ನಿಜವಾದ ಪರೀಕ್ಷೆ. ನಾನು ಬಿಟ್ಟ ಕಂಪನಿಯ ಟವರ್ ಕತ್ತಲಾಗೋದ್ರೊಳಗೆ ಮಲಗ್ತಿತ್ತು. ಈಗಿನದು ಬೆಳಗಿನ ತನಕ ಹೇಗೋ ಎಳೆಯುತ್ತೆ. ಸ್ಪೀಡ್ ಟೆಸ್ಟ್‌ನಲ್ಲಿ ಹಳೇದೇ ಮುಂದಿತ್ತು ಅನ್ನೋದನ್ನೂ ಹೇಳಿಬಿಡ್ತೀನಿ.

ಪೋರ್ಟ್ ಮಾಡೋದು, ಅಂದ್ರೆ ನಂಬರ್ ಅದೇ ಇಟ್ಕೊಂಡು ಕಂಪನಿ ಬದಲಿಸೋದು, ಸುಲಭ. ಪೋರ್ಟ್ ಅಂತ ಇಂಗ್ಲಿಷಲ್ಲಿ ಬರೆದು, ಜಾಗ ಬಿಟ್ಟು ನಂಬರ್ ಹಾಕಿ 1900ಕ್ಕೆ ಮೆಸೇಜ್ ಮಾಡಿದ್ರೆ ಹೊಸ ಕಂಪನಿಗೆ ಕೊಡೋ ಎಂಟು ಅಕ್ಷರದ ಕೋಡ್ ಬರುತ್ತೆ. ಕರ್ನಾಟಕದಲ್ಲಿ ಅದಕ್ಕೆ ನಾಲ್ಕು ದಿನ ಆಯಸ್ಸು. ಈಗಿರೋ ಕಂಪನಿಯಲ್ಲಿ 90 ದಿನ ಆಗಿರಬೇಕು. ರೀಚಾರ್ಜ್ ಮುಗಿಯೋ ಹೊತ್ತಿಗೆ ಹೊರಡಿ, ಉಳಿದ ಪ್ಯಾಕ್ ಹೊಸ ಕಡೆಗೆ ಬರಲ್ಲ. ಬಿಟ್ಟು ಹೋಗ್ತೀರಿ ಅಂತ ಗೊತ್ತಾದ ಕೂಡಲೇ ಹಳೇ ಕಂಪನಿಯಿಂದ ‘ಸರ್, ವಿಶೇಷ ಆಫರ್ ಇದೆ’ ಅಂತ ಫೋನು. ಇಷ್ಟು ದಿನ ಎಲ್ಲಿತ್ತಪ್ಪ ಈ ಪ್ರೀತಿ?

ದುಡ್ಡಿನ ಲೆಕ್ಕ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳೆಲ್ಲ ಒಟ್ಟಿಗೇ ದರ ಏರಿಸಿದವು. ಜಿಯೋದ 239ರ ಪ್ಯಾಕ್ 299 ಆಯ್ತು. ಆಗಿಂದ ಅನ್‌ಲಿಮಿಟೆಡ್ 5ಜಿ ಬೇಕು ಅಂದ್ರೆ ಸಾಮಾನ್ಯವಾಗಿ ದಿನಕ್ಕೆ 2 ಜಿಬಿ ಪ್ಯಾಕ್‌ಗೇ ಹೋಗಬೇಕು. 28 ದಿನದ ಪ್ಯಾಕ್ ಅಂದ್ರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜ್. ಅಂದ್ರೆ 5ಜಿ ಫೋನಿನ ಖರ್ಚು ಫೋನ್ ಕೊಂಡ ದುಡ್ಡಿಗೇ ಮುಗಿಯಲ್ಲ. ಅಮ್ಮನ ಕೀಪ್ಯಾಡ್ ಫೋನಿಗೆ ಮಾತ್ರ 2025ರ ಜನವರಿಯಲ್ಲಿ ಬಂದ ಬರೀ ಮಾತು-ಮೆಸೇಜಿನ ಪ್ಯಾಕ್ ಹಾಕಿಸಿ ನಿರಾಳ. ಟ್ರಾಯ್ ಮಾಡಿಸಿದ ಒಳ್ಳೇ ಕೆಲಸ ಅದು.

ನನ್ನ ಎರಡನೇ ಸಿಮ್ ಬಿಎಸ್‌ಎನ್‌ಎಲ್. 2025ರ ಸೆಪ್ಟೆಂಬರ್ 27ಕ್ಕೆ ಉದ್ಘಾಟನೆಯಾದ ಅವರ ಸ್ವದೇಶಿ 4ಜಿಯ ಟವರ್ ಉಪಕರಣ ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು. ತೋಟದ ಕೆಳಗಿನ ತುದಿಯಲ್ಲಿ ನನಗೆ ಸಿಗೋದು ಇದೊಂದೇ. ಅಡಿಕೆ ಕೊನೆಕೊಯ್ಲಿನ ಹೊತ್ತಲ್ಲಿ ಆಳುಗಳಿಗೆ ಫೋನ್ ಮಾಡೋಕೆ ಅಷ್ಟು ಸಾಕು.

ಆದ್ರೆ ಮನೆ ಒಳಗಿನ ಸಮಸ್ಯೆ ನೀಗಿದ್ದು ಯಾವ ಸಿಮ್ಮಿಂದಲೂ ಅಲ್ಲ, ವೈಫೈ ಕಾಲಿಂಗಿಂದ, ಅಂದ್ರೆ ಟವರ್ ಬದಲು ಮನೆಯ ವೈಫೈ ಮೇಲೆ ಹೋಗೋ ಮಾಮೂಲಿ ಕರೆಯಿಂದ. ಊರಿಗೆ ಫೈಬರ್ ಬಂದ ಮೇಲೆ ಫೋನಲ್ಲಿ ಆ ಗುಂಡಿ ಒತ್ತಿದೆ, ಅಡುಗೆಮನೆಯ ಮೈನಸ್ 118ರಲ್ಲೂ ಮಾತು ಸ್ಪಷ್ಟ. ಇದಕ್ಕೆ ಬೇರೆ ದುಡ್ಡಿಲ್ಲ, ಆ್ಯಪ್ ಇಲ್ಲ, ನಂಬರ್ ನಿಮ್ಮದೇ. ರೂಟರ್ ಇನ್ವರ್ಟರ್ ಲೈನಿಗೆ ಹಾಕಿಡಿ. ಅಣ್ಣನ ಮಗ ಬೆಂಗಳೂರಿಂದ ಹೊಸ 5ಜಿ ಫೋನ್ ಹಿಡ್ಕೊಂಡು ಬಂದಿದ್ದ. ಸಾಗರ ಪೇಟೆಯಲ್ಲಿ ಹಾರಾಡ್ತಿದ್ದ ಅದು ನಮ್ಮ ಜಗುಲಿಯಲ್ಲಿ ಕೂತ ಕೂಡಲೇ 4ಜಿಗೆ ಇಳೀತು. ‘ಚಿಕ್ಕಪ್ಪ, ನಿಮ್ಮ ವೈಫೈ ಪಾಸ್‌ವರ್ಡ್ ಏನು?’

ಈಗ ಫೋನಿನ ವಿಷಯ. ಎಂ31 ಬಂದಾಗ 6000 ಎಂಎಎಚ್ ಬ್ಯಾಟರಿ ಅನ್ನೋದೇ ದೊಡ್ಡ ಸುದ್ದಿ. ಅಮೋಲೆಡ್ ಪರದೆ ಇವತ್ತಿಗೂ ಚಂದ. ಎರಡು ಸಿಮ್ ಹಾಕಿಯೂ ಮೆಮೊರಿ ಕಾರ್ಡಿಗೆ ಬೇರೆ ಜಾಗ ಇದೆ, ಇಯರ್‌ಫೋನ್ ತೂತೂ ಇದೆ. ಈಗಿನ ಫೋನುಗಳಲ್ಲಿ ಇವನ್ನ ಹುಡುಕಬೇಕು. ಕೆಲವು ವರ್ಷ ಆದಮೇಲೆ ಯಾವ ಲಿಥಿಯಂ ಬ್ಯಾಟರಿಯಾದ್ರೂ ಸವೆಯುತ್ತೆ, ಇದೂ ಸವೆಯಿತು. ಸಿಗ್ನಲ್ ಇಲ್ಲದ ಕಡೆ ಫೋನ್ ಟವರ್ ಹುಡುಕ್ತಾ ಇನ್ನೂ ಬೇಗ ಚಾರ್ಜ್ ತಿನ್ನುತ್ತೆ ಅನ್ನೋದೂ ನೆನಪಿರಲಿ. ಚಾರ್ಜ್ ಆಗ್ತಿಲ್ಲ ಅಂತ ಅಂಗಡಿಗೆ ಒಯ್ದಾಗ ಹುಡುಗ ಪಿನ್ ಹಾಕೋ ತೂತಿಂದ ಮರದ ಕಡ್ಡಿಯಲ್ಲಿ ಅಡಿಕೆ ಸಿಪ್ಪೆಯ ದೂಳು ಗೀರಿ ತೆಗೆದು, ‘ಅಣ್ಣಾ, ಇದಕ್ಕೆ ದುಡ್ಡು ಬೇಡ, ಬ್ಯಾಟರಿ ಒಂದು ಹಾಕ್ಸಿ’ ಅಂದ. ಹಾಕಿಸಿದೆ. ಹೊಸ ಫೋನಿನ ಹತ್ತನೇ ಒಂದು ಭಾಗವೂ ಖರ್ಚಾಗಲಿಲ್ಲ.

ಹಾಗಂತ ಇದನ್ನ ಸಾಯೋವರೆಗೂ ಇಟ್ಕೊಳ್ಳೋಕೆ ಆಗಲ್ಲ. ಆಂಡ್ರಾಯ್ಡ್ 10ರಲ್ಲಿ ಬಂದದ್ದು 12ಕ್ಕೆ ನಿಂತಿದೆ, ಸೆಕ್ಯುರಿಟಿ ಅಪ್‌ಡೇಟ್ ಕಾಲವೂ ಮುಗೀತು. ಹಾಗಾಗಿ ಅಡಿಕೆ ದುಡ್ಡು ಬೀಳೋ ಖಾತೆಯನ್ನ ಇದರಲ್ಲಿ ಇಟ್ಟಿಲ್ಲ. ಯುಪಿಐಗೆ ಸಣ್ಣ ಮೊತ್ತದ ಬೇರೆ ಖಾತೆ ಇದೆ, ದಿನಸಿ, ಪೆಟ್ರೋಲಿಗೆ ಸಾಕು. ಬ್ಯಾಂಕ್ ಆ್ಯಪ್ ‘ಈ ಫೋನಲ್ಲಿ ನಡೆಯಲ್ಲ’ ಅಂದ ದಿನ ಹೊಸದು ತಗೊಳ್ತೀನಿ, ಕ್ಯಾಮೆರಾ ಆಸೆಗಂತೂ ಅಲ್ಲ.

ಆವಾಗ ನೋಡೋದು ಒಂದೇ ಸಂಖ್ಯೆ, 28. ಅದು 700 ಮೆಗಾಹರ್ಟ್ಸ್ ಬ್ಯಾಂಡಿನ, ಅಂದ್ರೆ ಸಿಗ್ನಲ್ ಓಡೋ ಒಂದು ದಾರಿಯ, ನಂಬರ್. ಮೆಗಾಹರ್ಟ್ಸ್ ಕಡಿಮೆ ಇದ್ದಷ್ಟೂ ಸಿಗ್ನಲ್ ದೂರ ಹೋಗುತ್ತೆ, ಗೋಡೆ ದಾಟುತ್ತೆ. 2022ರ ಸರ್ಕಾರಿ ಹರಾಜಿನಲ್ಲಿ ಇದನ್ನ ಕೊಂಡದ್ದು ಜಿಯೋ ಮಾತ್ರ. ಬಿಎಸ್‌ಎನ್‌ಎಲ್‌ಗೂ 4ಜಿಗೆ ಇದೇ ಬ್ಯಾಂಡ್ ಕೊಟ್ಟಿದ್ದಾರೆ. ಪೇಟೆಯಲ್ಲಿ ಓಡೋ 3500 ಮೆಗಾಹರ್ಟ್ಸ್ 5ಜಿ ನಮ್ಮ ಗುಡ್ಡ ಹತ್ತಿ ಇಳಿಯೋ ಪೈಕಿ ಅಲ್ಲ. 4ಜಿಯಲ್ಲಿ ಬಿ28, 5ಜಿಯಲ್ಲಿ ಎನ್28, ಎರಡೂ ಇರಬೇಕು. ಅಂಗಡಿಯಲ್ಲಿ ಕೇಳಿದ್ರೆ ಮೆಗಾಪಿಕ್ಸೆಲ್ ಹೇಳ್ತಾರೆ. ಫೋನ್ ಕಂಪನಿಯ ಜಾಲತಾಣದಲ್ಲಿ ಆ ಮಾಡೆಲ್‌ನ ಬ್ಯಾಂಡ್ ಪಟ್ಟಿ ತೆಗೆದು ನೀವೇ ನೋಡ್ಕೊಳ್ಳಿ.